ಗೆಳೆಯರ ಗುಂಪಿಗೊಂದು ವಿಕಿರಣ ಮೀಟರ್: ಜಿಎಂಸಿ-320 ಪ್ಲಸ್ ವಿಮರ್ಶೆ

ಕಾಲೇಜಿನ ವಿಜ್ಞಾನ ಸಂಘಕ್ಕೋ, ನಾಲ್ಕೈದು ಗೆಳೆಯರು ದುಡ್ಡು ಕೂಡಿಸಿಯೋ ಒಂದು ವಿಕಿರಣ ಮೀಟರ್ ಕೊಳ್ಳಬೇಕೆಂದಿದ್ದರೆ ಜಿಕ್ಯೂ ಕಂಪನಿಯ ಜಿಎಂಸಿ-320 ಪ್ಲಸ್ ಕೊಳ್ಳಬಹುದು. ವಿಕಿರಣವನ್ನು ಹಿಡಿಯುವ ಅದರ ಟ್ಯೂಬಿನಲ್ಲಿ ಹೆಚ್ಚಿನ ವಿಶೇಷವೇನೂ ಇಲ್ಲ, ಅದೇ ದರ್ಜೆಯ ಟ್ಯೂಬ್ ಇನ್ನೂ ಅಗ್ಗದ ಯಂತ್ರಗಳಲ್ಲೂ ಸಿಗುತ್ತದೆ. ಈ ಮೀಟರಿನ ಬೆಲೆ ಇರುವುದು ಅದು ಇಡುವ ದಾಖಲೆಯಲ್ಲಿ. ಪ್ರತಿ ಸೆಕೆಂಡು, ಪ್ರತಿ ನಿಮಿಷ ಅಥವಾ ಪ್ರತಿ ಗಂಟೆಯ ಎಣಿಕೆಯನ್ನು ದಿನಾಂಕ, ವೇಳೆಯ ಸಮೇತ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ; ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡರೆ ಯಾವ ಹೊತ್ತಿನಲ್ಲಿ ಎಷ್ಟಿತ್ತು ಎಂದು ಸಾಲುಸಾಲಾಗಿ ಓದಬಹುದು. ಪರದೆಯ ಮೇಲೆ ಕುಣಿಯುವ ಅಂಕಿ ಯಾರನ್ನು ಬೇಕಾದರೂ ಹೆದರಿಸುತ್ತದೆ. ಹೊತ್ತೂ ಜಾಗವೂ ಗೊತ್ತಿರುವ ಅಂಕಿಯನ್ನು ಮಾತ್ರ ಇಬ್ಬರು ಎದುರುಬದುರು ಕೂತು ಚರ್ಚಿಸಬಹುದು. ಜಪಾನಿನ ಫುಕುಶಿಮಾದ ಅಣು ಅಪಘಾತದ ನಂತರ ಎಳೆಯರ ನಡುವೆ ಬಿರುಕು ಹುಟ್ಟಿದ್ದು ಬಹುಪಾಲು ಮೊದಲನೆಯ ಬಗೆಯ ಅಂಕಿಯಿಂದ, ಇಲ್ಲವೇ ಯಾವ ಅಂಕಿಯೂ ಇಲ್ಲದ್ದರಿಂದ.

ಫುಕುಶಿಮಾದಲ್ಲಿ ಏನಾಯಿತೆಂದು ಮೊದಲು ನೋಡಬೇಕು, ಏಕೆಂದರೆ ಮೀಟರ್ ಯಾತಕ್ಕೆ ಎಂಬುದು ಅಲ್ಲೇ ಗೊತ್ತಾಗುತ್ತದೆ. 2011ರ ಮಾರ್ಚ್ 11ರ ಮಧ್ಯಾಹ್ನ 2:46ಕ್ಕೆ ಭೂಕಂಪ, ಬೆನ್ನಿಗೇ ಸುನಾಮಿ. ನಮಿಯೆ ಪಟ್ಟಣದ ಕಡಲಂಚಿನ ಉಕೆದೊ ಪ್ರಾಥಮಿಕ ಶಾಲೆಯ ಮಕ್ಕಳು ಗುಡ್ಡದ ಕಡೆ ಓಡಿ ಎಲ್ಲರೂ ಉಳಿದುಕೊಂಡರು. ಆದರೆ ಅದೇ ಊರಿನಲ್ಲಿ ಕಾಣೆಯಾದವರನ್ನು ಹುಡುಕುವ ಕೆಲಸ ಮಾರನೆಯ ಬೆಳಗಿಗೇ ನಿಂತುಹೋಯಿತು. ಸುನಾಮಿಗೆ ಸಿಕ್ಕಿ ಕೆಟ್ಟ ಅಣು ಸ್ಥಾವರದ ಸುತ್ತ 10 ಕಿ.ಮೀ. ಖಾಲಿ ಮಾಡಿ ಎಂಬ ಆದೇಶ ಬೆಳಿಗ್ಗೆ ಬಂತು, ಸಂಜೆಯ ಹೊತ್ತಿಗೆ ಅದು 20 ಕಿ.ಮೀ. ಆಯಿತು. ಪೊಲೀಸರು ಒಳಹೊಕ್ಕು ಅಲ್ಲಿ ಹುಡುಕಲು ತೊಡಗಿದ್ದು ಏಪ್ರಿಲ್ 14ರಂದು. ಒಂದು ತಿಂಗಳಿಗೂ ಹೆಚ್ಚು ಕಾಲ ಮನೆಯವರನ್ನು, ಜೊತೆಗಾರರನ್ನು ಹುಡುಕಲು ಹೋಗುವ ದಾರಿಯೇ ಮುಚ್ಚಿತ್ತು. ಊರು ಬಿಟ್ಟ ನಮಿಯೆಯ ಬಹಳ ಜನ ಹೋಗಿ ಸೇರಿದ್ದು ವಾಯವ್ಯ ದಿಕ್ಕಿನ ತ್ಸುಶಿಮಾಕ್ಕೆ. ವಿಕಿರಣದ ಮೋಡ ಸಾಗಿದ್ದೂ ಅದೇ ದಿಕ್ಕಿಗೆ. ಮೋಡ ಎತ್ತ ಹೋಗಬಹುದೆಂದು ಲೆಕ್ಕ ಹಾಕುವ ‘ಸ್ಪೀಡಿ’ ಎಂಬ ವ್ಯವಸ್ಥೆ ಸರ್ಕಾರದ ಬಳಿ ಇತ್ತು. ಅದರ ಲೆಕ್ಕ ಆ ಜನರಿಗೆ ಬೇಕಾದ ಹೊತ್ತಿನಲ್ಲಿ ಸಿಗಲಿಲ್ಲ.

ಆಮೇಲೆ ಅಂಕಿಗಳು ಬಂದವು, ಬಿಡಿಬಿಡಿಯಾಗಿ. ಏಪ್ರಿಲ್ 19ರಂದು ಶಾಲಾ ಮೈದಾನಗಳಿಗೆ ಗಂಟೆಗೆ 3.8 ಮೈಕ್ರೋಸೀವರ್ಟ್ ಎಂಬ ಗೆರೆ ಎಳೆದರು (ಸೀವರ್ಟ್ ಎಂದರೆ ಮೈಗೆ ತಗುಲುವ ವಿಕಿರಣದ ಅಳತೆ; 1,000 ಮೈಕ್ರೋಸೀವರ್ಟ್ ಸೇರಿದರೆ 1 ಮಿಲಿಸೀವರ್ಟ್). ಪ್ರಾಥಮಿಕ ಶಾಲೆಯಲ್ಲಿ ನೆಲದಿಂದ 50 ಸೆಂ.ಮೀ., ದೊಡ್ಡ ಮಕ್ಕಳ ಶಾಲೆಯಲ್ಲಿ 1 ಮೀಟರ್ ಎತ್ತರದಲ್ಲಿ ಅಳತೆ. ಈ 3.8 ಎಲ್ಲಿಂದ ಬಂತೆಂದು ಅಲ್ಲಿಯ ಮಕ್ಕಳಿಗೆ ಆಗಲೇ ಹೇಳಿಕೊಡಬೇಕಿತ್ತು. ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯೊಳಗೆ. ಒಳಗೆ ಹೊರಗಿನ 0.4 ಪಾಲು. ಅಲ್ಲಿಗೆ 3.8 × (8 + 16 × 0.4), ಅಂದರೆ 3.8 × 14.4, ದಿನಕ್ಕೆ 54.7 ಮೈಕ್ರೋಸೀವರ್ಟ್, ವರ್ಷಕ್ಕೆ 20 ಮಿಲಿಸೀವರ್ಟ್. ಪೋಷಕರ ತೀವ್ರ ವಿರೋಧದ ಬಳಿಕ ಮೇ 27ರಂದು ಶಾಲೆಯಲ್ಲಿ ವರ್ಷಕ್ಕೆ 1 ಮಿಲಿಸೀವರ್ಟಿಗೆ ಇಳಿಸುವ ಗುರಿ ಘೋಷಣೆಯಾಯಿತು. ಸ್ವಚ್ಛತಾ ಕೆಲಸಕ್ಕೆ ಮುಂದೆ ಬಂದ 0.23 ಎಂಬ ಅಂಕಿಯೂ ಇದೇ ಸೂತ್ರದ್ದು. 0.19 × 14.4 × 365 ಮಾಡಿದರೆ ಹೆಚ್ಚುಕಡಿಮೆ 1 ಮಿಲಿಸೀವರ್ಟ್. ಅದರ ಮೇಲೆ ಆ ನೆಲದ ಸಹಜ ವಿಕಿರಣ 0.04.

ಒಂದೇ ತರಗತಿಯಲ್ಲಿ ಕೂರುತ್ತಿದ್ದವರಲ್ಲಿ ಒಬ್ಬರ ಮನೆಯವರು 3.8ನ್ನು ನಂಬಿ ಉಳಿದರು, ಇನ್ನೊಬ್ಬರ ಮನೆಯವರು ನಂಬದೆ ಹೊರಟರು. ಕೊರಿಯಾಮಾ ನಗರದಲ್ಲಿ ಎರಡು ವರ್ಷದೊಳಗಿನ ಕೂಸುಗಳು ದಿನಕ್ಕೆ 15 ನಿಮಿಷ, 3ರಿಂದ 5 ವರ್ಷದವರು ಅರ್ಧ ಗಂಟೆ ಮಾತ್ರ ಹೊರಗಿರಲಿ ಎಂಬ ಸೂಚನೆ ಇತ್ತು. ಫುತಾಬಾ ಜಿಲ್ಲೆಯ ಹೈಸ್ಕೂಲುಗಳು ಬೇರೆ ಬೇರೆ ಊರುಗಳಲ್ಲಿ ತಾತ್ಕಾಲಿಕ ತರಗತಿಗಳಾಗಿ ಹಂಚಿಹೋದವು. ಅವುಗಳಲ್ಲಿ ಐದು 2017ರ ಮಾರ್ಚಿನಲ್ಲಿ ಬಾಗಿಲು ಹಾಕಿದವು. ಹೊರಟು ಹೋದವರಿಗೂ ನೆಮ್ಮದಿ ಇರಲಿಲ್ಲ. ಫುಕುಶಿಮಾದಿಂದ ಯೊಕೊಹಾಮಾಕ್ಕೆ ಹೋದ ಹುಡುಗನೊಬ್ಬನನ್ನು ಸಹಪಾಠಿಗಳು ‘ಕ್ರಿಮಿ’ ಎಂದು ಕರೆದು, ಹಣ ಕಿತ್ತುಕೊಂಡು ಕಾಡಿದ ಸಂಗತಿ 2016ರಲ್ಲಿ ಜಪಾನಿನಾದ್ಯಂತ ಸುದ್ದಿಯಾಯಿತು. ಸ್ಥಳಾಂತರದ ಬವಣೆಯೂ ಸೇರಿ ದುರಂತದ ಆನಂತರದ ಕಾರಣಗಳಿಂದ ಸತ್ತವರೆಂದು ಫುಕುಶಿಮಾ ಪ್ರಾಂತದಲ್ಲಿ ಅಧಿಕೃತವಾಗಿ ಗುರುತಿಸಿದವರು 2,300ಕ್ಕೂ ಹೆಚ್ಚು. ಆ ಪ್ರಾಂತದಲ್ಲಿ ಭೂಕಂಪ, ಸುನಾಮಿಗಳು ನೇರವಾಗಿ ತೆಗೆದ ಜೀವಗಳಿಗಿಂತ ಈ ಲೆಕ್ಕ ದೊಡ್ಡದು. ಇದನ್ನು ಯಾವ ಟ್ಯೂಬೂ ಎಣಿಸುವುದಿಲ್ಲ. ಮೀಟರ್ ಕೊಳ್ಳುವವರು ಇಷ್ಟನ್ನು ತಿಳಿದೇ ಕೊಳ್ಳಬೇಕು.

ಇಷ್ಟರ ನಡುವೆ ಎಳೆಯರೇ ಮುಂದೆ ನಿಂತು ಮಾಡಿದ ಒಂದು ಕೆಲಸ ನಮ್ಮ ಕಾಲೇಜುಗಳಿಗೆ ಮಾದರಿ. ಅಪಘಾತದ ಮೇಲೆ ಫುಕುಶಿಮಾದ ಶಾಲಾ ಮಕ್ಕಳಿಗೆ ‘ಗ್ಲಾಸ್ ಬ್ಯಾಡ್ಜ್’ ಹಂಚಿದ್ದರು. ಕೊರಳಿಗೆ ಹಾಕಿಕೊಂಡು ತಿರುಗಿ, ಕೆಲವು ತಿಂಗಳಾದ ಮೇಲೆ ವಾಪಸು ಕೊಟ್ಟರೆ ಒಟ್ಟು ಇಷ್ಟು ಎಂಬ ಒಂದೇ ಅಂಕಿ ಕಾಗದದಲ್ಲಿ ಬರುತ್ತಿತ್ತು. ಎಲ್ಲಿ, ಯಾವಾಗ ಎಂಬುದಿಲ್ಲ. 2014ರಲ್ಲಿ ಹೈಸ್ಕೂಲು ವಿದ್ಯಾರ್ಥಿಗಳು ‘ಡಿ-ಶಟಲ್’ ಎಂಬ ಪುಟ್ಟ ಎಲೆಕ್ಟ್ರಾನಿಕ್ ಮಾಪಕ ಬಳಸಿದರು. ಇದು ಗಂಟೆಗಂಟೆಯ ಪ್ರಮಾಣವನ್ನು ದಾಖಲಿಸುತ್ತದೆ. ಜಪಾನಿನ 12 ಹೈಸ್ಕೂಲುಗಳು (ಅವುಗಳಲ್ಲಿ 6 ಫುಕುಶಿಮಾ ಪ್ರಾಂತದವು), ಫ್ರಾನ್ಸಿನ 4, ಪೋಲೆಂಡಿನ 8, ಬೆಲಾರೂಸಿನ 2 ಶಾಲೆಗಳ ಒಟ್ಟು 216 ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಎರಡು ವಾರ ಅದನ್ನು ಧರಿಸಿ, ಜೊತೆಗೆ ಎಲ್ಲಿದ್ದೆ, ಏನು ಮಾಡಿದೆ ಎಂದು ದಿನಚರಿ ಬರೆದರು. ಕೊನೆಗೆ ನೋಡಿದರೆ, ಜನ ವಾಸಿಸಲು ಅನುಮತಿ ಇದ್ದ ಫುಕುಶಿಮಾದ ಊರುಗಳ ವಿದ್ಯಾರ್ಥಿಗಳಿಗೆ ತಗುಲುತ್ತಿದ್ದ ಬಾಹ್ಯ ವಿಕಿರಣವೂ ಉಳಿದ ಕಡೆಯವರಿಗೆ ತಗುಲುತ್ತಿದ್ದುದೂ ಒಂದರ ಮೇಲೊಂದು ಬರುವಷ್ಟು ಸಮೀಪದಲ್ಲಿದ್ದವು. ತೆರವು ವಲಯಕ್ಕೆ ಈ ಮಾತು ಅನ್ವಯಿಸದು, 2011ರ ಮಾರ್ಚಿಗೂ ಅನ್ವಯಿಸದು. ಆದರೂ ‘ನಿನ್ನ ಊರಿಗೆ ಬಂದರೆ ನನಗೇನಾಗುತ್ತದೆ’ ಎಂಬ ಗೆಳೆಯನ ಪ್ರಶ್ನೆಗೆ ಹೈಸ್ಕೂಲಿನ ಮಕ್ಕಳೇ ಅಳೆದು ಕೊಟ್ಟ ಉತ್ತರ ಅದು.

ಬೆಂಗಳೂರಿನಲ್ಲಿ ಜಿಎಂಸಿ-320 ಇಟ್ಟುಕೊಂಡು ಈ ಕೆಲಸವನ್ನು ಕಲಿಕೆಯ ಮಟ್ಟದಲ್ಲಿ ಮಾಡಬಹುದು. ಅದಕ್ಕೆ ಯಂತ್ರದ ಒಳಗೇನಿದೆ ಎಂಬುದು ಗೊತ್ತಿರಬೇಕು.

ಒಳಗಿರುವುದು ಬೆರಳುದ್ದದ ಗಾಜಿನ ಗೈಗರ್ ಟ್ಯೂಬ್, ಎಂ4011 ಜಾತಿಯದು. ಅದಕ್ಕೆ ಸುಮಾರು 400 ವೋಲ್ಟ್ ಬೇಕು. ಒಳಗಿನ ಪುಟ್ಟ ಸರ್ಕಿಟ್ ಬ್ಯಾಟರಿಯ ಕೆಲವೇ ವೋಲ್ಟನ್ನು ಅಷ್ಟಕ್ಕೆ ಏರಿಸುತ್ತದೆ. ಗ್ಯಾಮಾ ಕಿರಣವೋ ಬಲವಾದ ಬೀಟಾ ಕಣವೋ ಟ್ಯೂಬಿನ ಅನಿಲಕ್ಕೆ ತಾಗಿದಾಗ ಒಂದು ವಿದ್ಯುತ್ ಮಿಡಿತ, ಒಂದು ‘ಟಿಕ್’. ಯಂತ್ರ ನಿಜವಾಗಿ ಮಾಡುವುದು ಈ ಎಣಿಕೆಯೊಂದನ್ನೇ. ನಿಮಿಷಕ್ಕೆ ಬಂದ ಟಿಕ್‌ಗಳ ಸಂಖ್ಯೆಯೇ ಸಿಪಿಎಂ. ಮೈಕ್ರೋಸೀವರ್ಟ್ ಎಂದು ತೋರಿಸುವುದು ಗುಣಾಕಾರ: 100 ಸಿಪಿಎಂಗೆ 0.65, ಅಂದರೆ ಸುಮಾರು 154 ಸಿಪಿಎಂಗೆ ಗಂಟೆಗೆ 1 ಮೈಕ್ರೋಸೀವರ್ಟ್. ಒಂದೇ ಶಕ್ತಿಯ ಗ್ಯಾಮಾ ಕಿರಣ ಎಂದು ಇಟ್ಟುಕೊಂಡು ಮಾಡಿದ ಲೆಕ್ಕ ಇದು. ಶಕ್ತಿ ಕಡಿಮೆ ಇರುವ ಕಿರಣಗಳಿಗೆ ಈ ಟ್ಯೂಬ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಬೀಟಾ ಸೇರಿಬಿಟ್ಟರೆ ಮೈಕ್ರೋಸೀವರ್ಟ್ ಎಂಬ ಮಾತಿಗೇ ಅರ್ಥವಿಲ್ಲ. ಆದ್ದರಿಂದ ದಾಖಲೆಯಲ್ಲಿ ಯಾವಾಗಲೂ ಸಿಪಿಎಂ ಬರೆಯಿರಿ, ಪಕ್ಕದಲ್ಲಿ ಯಂತ್ರದ ಮಾದರಿ ಬರೆಯಿರಿ. ರಷ್ಯಾದ ಎಸ್‌ಬಿಎಂ-20 ಟ್ಯೂಬಿನ ಯಂತ್ರದಲ್ಲಿ ಗುಣಕ ಬೇರೆ, ಎಲ್‌ಎನ್‌ಡಿ-7317 ಎಂಬ ಚಪ್ಪಟೆ ಟ್ಯೂಬಿನಲ್ಲಿ 1 ಮೈಕ್ರೋಸೀವರ್ಟಿಗೆ 334 ಸಿಪಿಎಂ. ‘ನನ್ನದು 60 ತೋರಿಸಿತು, ನಿನ್ನದು 30’ ಎಂದು ಇಬ್ಬರು ಜಗಳವಾಡುವ ಮೊದಲು ಟ್ಯೂಬ್ ಯಾವುದೆಂದು ನೋಡಬೇಕು.

ಎರಡನೆಯದು ಕಾಯುವುದು, ಬಳಸುವವರು ಹೆಚ್ಚಾಗಿ ಎಡವುವುದು ಇಲ್ಲೇ. ವಿಕಿರಣ ಲೆಕ್ಕವಿಟ್ಟು ಸಮನಾಗಿ ಬರುವುದಿಲ್ಲ. ನಿಮಿಷಕ್ಕೆ ಸರಾಸರಿ 20 ಬರುವ ಜಾಗದಲ್ಲಿ ಒಂದು ನಿಮಿಷ 11 ಬಂದರೂ 29 ಬಂದರೂ ಏನೂ ಬದಲಾಗಿಲ್ಲ. 10 ನಿಮಿಷ ಎಣಿಸಿದರೆ 200, ಅದರ ವರ್ಗಮೂಲ ಸುಮಾರು 14, ಅಂದರೆ ಶೇ 7ರ ಅನಿಶ್ಚಿತತೆ. ಒಂದು ಗಂಟೆ ಎಣಿಸಿದರೆ ಅದು ಶೇ 3ಕ್ಕೆ ಇಳಿಯುತ್ತದೆ. ಎರಡು ಜಾಗಗಳಲ್ಲಿ ಒಂದರಲ್ಲಿ 20, ಇನ್ನೊಂದರಲ್ಲಿ 25 ಎಂಬ ವ್ಯತ್ಯಾಸ ನಿಜವೆಂದು ಹೇಳಬೇಕಾದರೆ ಪ್ರತಿ ಜಾಗದಲ್ಲೂ ಕನಿಷ್ಠ 16-17 ನಿಮಿಷ ಇಡಬೇಕು. 20 ನಿಮಿಷ ಎಂದು ನಿಯಮ ಮಾಡಿಕೊಂಡರೆ ಅನುಕೂಲ. ಆನ್ ಮಾಡಿದ ಮೊದಲ ನಿಮಿಷದ ಅಂಕಿಯನ್ನು ಬಿಟ್ಟುಬಿಡಿ, ಅರವತ್ತು ಸೆಕೆಂಡು ತುಂಬುವವರೆಗೆ ಅದು ಕಡಿಮೆಯನ್ನೇ ತೋರಿಸುತ್ತಿರುತ್ತದೆ. ಅಲಾರಂ ಮಿತಿಯನ್ನು ನಿಮ್ಮ ಮನೆಯ ಸರಾಸರಿಗೆ ಅದರ ವರ್ಗಮೂಲದ ಐದು ಪಟ್ಟು ಸೇರಿಸಿ ಇಡಿ: ಸರಾಸರಿ 25 ಆದರೆ 50. ಅದಕ್ಕಿಂತ ಕೆಳಗಿಟ್ಟರೆ ನಡುರಾತ್ರಿ ಕಾರಣವಿಲ್ಲದೆ ಕೂಗಿ ಇಡೀ ಹಾಸ್ಟೆಲನ್ನು ಎಬ್ಬಿಸುತ್ತದೆ.

ಬೆಂಗಳೂರು ಕಲ್ಲಿನ ಮೇಲೆ ಕೂತ ಊರು. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ರಾಮನಗರದ ಕಡೆಗೆ ಕ್ಲೋಸ್‌ಪೇಟೆ ಗ್ರಾನೈಟ್. ಮನೆಮನೆಯ ಮೆಟ್ಟಿಲು, ಕಾಂಪೌಂಡಿಗೆ ಸಾದರಹಳ್ಳಿ ಕಲ್ಲು. ಅಡುಗೆ ಕಟ್ಟೆಗೆ ಗ್ರಾನೈಟ್ ಚಪ್ಪಡಿ. ಇವೆಲ್ಲದರಲ್ಲೂ ಪೊಟ್ಯಾಸಿಯಂ-40, ಯುರೇನಿಯಂ, ಥೋರಿಯಂ ಸರಣಿಯ ಅಂಶಗಳು ಸಹಜವಾಗಿಯೇ ಇವೆ. ಹಾಗಾಗಿ ಇಲ್ಲಿ ಈ ಮೀಟರ್ 20ರಿಂದ 40 ಸಿಪಿಎಂ ತೋರಿಸಿದರೆ ಗಾಬರಿಪಡುವಂಥದ್ದು ಏನೂ ಇಲ್ಲ. ಜಪಾನಿನ 0.23ನ್ನು ಓದಿಕೊಂಡು ಬಂದ ಹುಡುಗನಿಗೆ ತನ್ನ ಅಡುಗೆಮನೆಯಲ್ಲಿ 36 ಸಿಪಿಎಂ, ಅಂದರೆ 0.23 ಕಂಡರೆ ಎದೆ ಧಸಕ್ಕೆನ್ನಬಹುದು. ಅಲ್ಲಿಯ 0.23ರಲ್ಲಿ 0.19 ಅಪಘಾತದ ಕೂಡಿಕೆ. ಇಲ್ಲಿಯದು ಪೂರ್ತಿ ಕಲ್ಲಿನದು, ಆಕಾಶದ್ದು, ಸ್ವಲ್ಪ ಟ್ಯೂಬಿನ ಗಾಜಿನದೇ. ಇನ್ನೊಂದು ತಿರುವುಮುರುವೂ ಇದೆ. ಅಪಘಾತದ ಮೋಡದಿಂದ ಸೀಸಿಯಂ ಎಂಬ ವಿಕಿರಣ ವಸ್ತು ಬಿದ್ದ ಊರಿನಲ್ಲಿ ವಿಕಿರಣ ಬರುವುದು ಹೊರಗಿನ ಮಣ್ಣಿನಿಂದ, ಮನೆಯ ಒಳಗೆ ಕಡಿಮೆ. ಬೆಂಗಳೂರಿನಲ್ಲಿ ಗೋಡೆ, ನೆಲಗಳೇ ಮೂಲವಾದ್ದರಿಂದ ಒಳಗೆ ಹೆಚ್ಚು, ಬಯಲಿನಲ್ಲಿ ಕಡಿಮೆ ಇರುವುದು ಸಾಮಾನ್ಯ. ಒಳಗೆ ಹೆಚ್ಚು, ಹೊರಗೆ ಕಡಿಮೆ ಎಂಬ ಈ ಕ್ರಮ ಒಂದು ದಿನ ತಲೆಕೆಳಗಾಯಿತು ಎಂದರೆ ಆಗ ಗಮನ ಕೊಡಬೇಕು. ತಲೆಕೆಳಗಾಯಿತೆಂದು ಗೊತ್ತಾಗಲು ಮೊದಲೇ ಅಳೆದಿಟ್ಟ ದಾಖಲೆ ಇರಬೇಕು. ಅಣು ಸ್ಥಾವರಗಳಿರುವ ಊರುಗಳಲ್ಲಿ ಕಲ್ಪಾಕ್ಕಂ ಇಲ್ಲಿಂದ ನೇರ ರೇಖೆಯಲ್ಲಿ ಸುಮಾರು 280 ಕಿ.ಮೀ., ಕೈಗಾ ಸುಮಾರು 400. ಹೆದರಿಸಲಿಕ್ಕಲ್ಲ, ಮೊದಲ ತಿಂಗಳು ಬೇರೇನೂ ಮಾಡದೆ ಗುಂಪಿನ ಪ್ರತಿಯೊಬ್ಬರ ಮನೆಯಲ್ಲೂ ಒಳಗೆ ಒಂದು ಗಂಟೆ, ಹೊರಗೆ ಒಂದು ಗಂಟೆ ಅಳೆದು ಬರೆದಿಡಿ ಎನ್ನಲಿಕ್ಕೆ.

ಮಳೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಒಣಬೇಸಿಗೆಯ ಕೊನೆಗೆ, ಏಪ್ರಿಲ್-ಮೇ ಹೊತ್ತಿಗೆ ಗುಡುಗಿನೊಡನೆ ಮೊದಲ ಮಳೆ ಬಿದ್ದಾಗ ಮೀಟರ್ ಏರುತ್ತದೆ. ಗಾಳಿಯಲ್ಲಿ ಸಹಜವಾಗಿರುವ ರೇಡಾನ್ ಎಂಬ ವಿಕಿರಣ ಅನಿಲ ಒಡೆದು ಹುಟ್ಟುವ ಮರಿಗಳಾದ ಸೀಸ-214, ಬಿಸ್ಮತ್-214 ಹನಿಯೊಡನೆ ನೆಲಕ್ಕಿಳಿಯುತ್ತವೆ. ಕಾರಿನ ಬಾನೆಟ್ಟನ್ನು ಟಿಶ್ಯೂ ಕಾಗದದಿಂದ ಒರೆಸಿ, ಮಡಚಿ, ಪಾಲಿಥಿನ್ ಕವರಿನಲ್ಲಿಟ್ಟು ಟ್ಯೂಬಿನ ಬದಿಗೆ ಹಿಡಿದರೆ ಎಣಿಕೆ ಮಾಮೂಲಿಯ ಹಲವು ಪಟ್ಟಾದರೂ ಆಶ್ಚರ್ಯವಿಲ್ಲ. ಅಲ್ಲಿಗೆ ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕಿದರೆ ಊರೆಲ್ಲ ಗಾಬರಿ. ಹತ್ತು ಹತ್ತು ನಿಮಿಷಕ್ಕೆ ಬರೆಯುತ್ತಾ ಹೋಗಿ: ಹಿನ್ನೆಲೆ ಎಣಿಕೆಯನ್ನು ಕಳೆದರೆ ಉಳಿಯುವ ಭಾಗ ಸುಮಾರು ಅರ್ಧ ಗಂಟೆಗೊಮ್ಮೆ ಅರ್ಧವಾಗುತ್ತದೆ, ಮೂರು-ನಾಲ್ಕು ಗಂಟೆಯಲ್ಲಿ ಇಲ್ಲವಾಗುತ್ತದೆ. ಅಪಘಾತದ ವಸ್ತುಗಳು ಹೀಗೆ ಮಾಯವಾಗುವುದಿಲ್ಲ. ಅಯೋಡಿನ್-131 ಅರ್ಧವಾಗಲು 8 ದಿನ, ಸೀಸಿಯಂ-134ಕ್ಕೆ 2 ವರ್ಷ, ಸೀಸಿಯಂ-137ಕ್ಕೆ 30 ವರ್ಷ. ದಾಖಲೆ ಇಡುವ ಮೀಟರ್ ಬೇಕೆಂದು ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಕೆಡುವುದು ಹೇಗೆ? ಬಿದ್ದರೆ ಗಾಜಿನ ಟ್ಯೂಬ್ ಒಡೆಯುತ್ತದೆ ಅಥವಾ ಸಣ್ಣ ಬಿರುಕಿನಲ್ಲಿ ಅನಿಲ ಸೋರಿ ಎಣಿಕೆ ನಿಲ್ಲುತ್ತದೆ. ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಬೋರ್ಡ್ ಮತ್ತು ಪಾರದರ್ಶಕ ಟ್ಯೂಬನ್ನು ಬಿಡಿಯಾಗಿ ತಂದು ಜೋಡಿಸುವವರಿಗೆ ಇನ್ನೊಂದು ತೊಂದರೆ ಕಾದಿರುತ್ತದೆ: ಬಿಸಿಲು ನೇರ ಬಿದ್ದರೆ ಬೆಳಕಿಗೇ ಟ್ಯೂಬ್ ಟಿಕ್ ಎನ್ನುತ್ತದೆ. ಕಪ್ಪು ಟೇಪಿನ ಒಂದು ಸುತ್ತು ಹಾಕಿದರೆ ಸರಿಹೋಗುತ್ತದೆ. 400 ವೋಲ್ಟ್ ಬರುತ್ತಿದೆಯೇ ಎಂದು ಮಾಮೂಲಿ ಮಲ್ಟಿಮೀಟರಿನಲ್ಲಿ ನೋಡಿ ‘ಕಡಿಮೆ ಇದೆ’ ಎಂದು ವೋಲ್ಟೇಜ್ ಹೊಂದಿಸುವ ಪ್ರಿಸೆಟ್ ತಿರುಗಿಸಿ ಟ್ಯೂಬ್ ಹಾಳುಮಾಡುವುದು ಬಹಳ ಕಾಣುವ ತಪ್ಪು. ಮಲ್ಟಿಮೀಟರಿನ 10 ಮೆಗಾಓಮ್ ಹೊರೆಯೇ ಆ ಸಣ್ಣ ಸರ್ಕಿಟ್ಟಿನ ವೋಲ್ಟೇಜನ್ನು ಎಳೆದು ಬೀಳಿಸುತ್ತದೆ. ಸರಣಿಯಲ್ಲಿ 1 ಗಿಗಾಓಮ್ ರೆಸಿಸ್ಟರ್ ಹಾಕಿ, ಬಂದದ್ದನ್ನು 101ರಿಂದ ಗುಣಿಸಬೇಕು. ಮಳೆಗಾಲದ ತೇವದಲ್ಲಿ ಬೋರ್ಡಿನ ಮೇಲೆ ವಿದ್ಯುತ್ ಸೋರಿ ಸುಳ್ಳು ಎಣಿಕೆ ಬರಬಹುದು. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ. ಮೊಬೈಲ್ ಫೋನನ್ನು ಮೀಟರಿಗೆ ಅಂಟಿಸಿಕೊಂಡು ಜೇಬಿನಲ್ಲಿಡಬೇಡಿ. ಕೊನೆಯದು ಅಪಾಯದ್ದು: ವಿಕಿರಣ ತೀರ ಹೆಚ್ಚಾದರೆ ಟ್ಯೂಬಿಗೆ ಒಂದು ಮಿಡಿತದಿಂದ ಸಾವರಿಸಿಕೊಳ್ಳಲು ಹೊತ್ತಿಲ್ಲದೆ ಎಣಿಕೆ ಇಳಿಯುತ್ತದೆ, ಸೊನ್ನೆಯನ್ನೂ ತೋರಿಸಬಹುದು. ಏರುತ್ತಾ ಏರುತ್ತಾ ಹೋದ ಅಂಕಿ ತಟ್ಟನೆ ಬಿದ್ದರೆ ಮುಂದೆ ಹೆಜ್ಜೆ ಇಡದೆ ಬಂದ ದಾರಿಯಲ್ಲೇ ಹಿಂದಿರುಗಬೇಕು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಕೋಬಾಲ್ಟ್-60 ಸಿಕ್ಕು ಒಬ್ಬರ ಜೀವ ಹೋಯಿತು. ಗುಜರಿ ಅಂಗಡಿಗಳಲ್ಲಿ ಮೀಟರ್ ಹಿಡಿದು ಹುಡುಕಾಡುವುದು ವಿದ್ಯಾರ್ಥಿಗಳ ಕೆಲಸವಲ್ಲ.

ತಂದ ಮೀಟರ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಗೊಬ್ಬರದ ಅಂಗಡಿಯ ಕೆಂಪು ಪೊಟ್ಯಾಷ್ ಒಂದು ಕಿಲೋ ಸಾಕು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕಿಲೋ ಪೊಟ್ಯಾಸಿಯಂ. ಗ್ರಾಮಿಗೆ 31 ಬೆಕೆರೆಲ್‌ನಂತೆ ಸುಮಾರು 15,500 ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ 1 ಬೆಕೆರೆಲ್). ತೆಳು ಕವರಿನಲ್ಲಿ ತುಂಬಿ ಟ್ಯೂಬಿರುವ ಬದಿಗೆ ಒತ್ತಿ 20 ನಿಮಿಷ, ದೂರವಿಟ್ಟು 20 ನಿಮಿಷ. ವ್ಯತ್ಯಾಸ ಸ್ಪಷ್ಟವಾಗಿ ಕಾಣಬೇಕು. ನಡುವೆ ಒಂದು ದಪ್ಪ ಪುಸ್ತಕ ಇಟ್ಟರೆ ಬಹುಪಾಲು ಮಾಯವಾಗುವುದರಿಂದ ಅದು ಬೀಟಾ ಎಂಬ ಪಾಠವೂ ಆಗುತ್ತದೆ. ಗ್ಯಾಸ್‌ಲೈಟಿನ ಹಳೆಯ ಮ್ಯಾಂಟಲಿನಲ್ಲಿ ಥೋರಿಯಂ ಇರಬಹುದು, ಆದರೆ ಅದನ್ನು ಉರಿಸಿದರೆ ಬೂದಿ ಮೂಗಿಗೆ ಹೋಗುತ್ತದೆ. ಮಕ್ಕಳ ಕೈಗೆ ಬೇಡ. ಹೊಗೆ ಪತ್ತೆ ಮಾಡುವ ಹಳೆಯ ಡಿಟೆಕ್ಟರನ್ನು ಬಿಚ್ಚಬೇಡಿ.

ಎರಡು ವಾರದ ಅಭ್ಯಾಸಕ್ಕೆ ಬರೋಣ. ಗಡಿಯಾರವನ್ನು ಫೋನಿನ ವೇಳೆಗೆ ಸರಿಹೊಂದಿಸಿ. ದಾಖಲೆಯನ್ನು ‘ಪ್ರತಿ ನಿಮಿಷ’ಕ್ಕೆ ಇಡಿ, ‘ಪ್ರತಿ ಸೆಕೆಂಡು’ ಆದರೆ ಮೆಮೊರಿ ಬೇಗ ತುಂಬುತ್ತದೆ. ಮೀಟರನ್ನು ಜಿಪ್ ಕವರಿನಲ್ಲಿ ಹಾಕಿ ಚೀಲದ ಒಂದೇ ಜಾಗದಲ್ಲಿ ಇಟ್ಟುಕೊಳ್ಳಿ. ಕವರ್ ಧೂಳನ್ನು ತಡೆಯುತ್ತದೆ, ಗ್ಯಾಮಾವನ್ನು ತಡೆಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಗಂಟೆಗೊಂದು ಸಾಲು: ಜಾಗ, ಎಷ್ಟನೆಯ ಮಹಡಿ, ಗೋಡೆ-ನೆಲ ಯಾವುದರದು, ಮಳೆ ಇತ್ತೇ. ಇದರಲ್ಲಿ ಜಿಪಿಎಸ್ ಇಲ್ಲದ್ದರಿಂದ ಈ ನೋಟ್‌ಬುಕ್ಕೇ ಜೀವಾಳ, ಬರೆಯದಿದ್ದರೆ ದಾಖಲೆಗೆ ಬೆಲೆಯಿಲ್ಲ. ದಿನಕ್ಕೊಮ್ಮೆ ಕಂಪ್ಯೂಟರಿಗೆ ಇಳಿಸಿ, ಗಂಟೆಯ ಸರಾಸರಿ ತೆಗೆದು ನೋಟ್‌ಬುಕ್ಕಿನ ಪಕ್ಕದಲ್ಲಿಡಿ. ಮೆಜೆಸ್ಟಿಕ್‌ನ ನೆಲದಡಿಯ ಮೆಟ್ರೋ ನಿಲ್ದಾಣ, ಲಾಲ್‌ಬಾಗ್ ಬಂಡೆ, ಕೆರೆಯ ಏರಿ, ತರಗತಿ, ಮನೆ ಹೀಗೆ ಒಂದೊಂದಕ್ಕೂ ತನ್ನದೇ ಮಟ್ಟ ಇರುವುದು ಕಾಣುತ್ತದೆ. ಕೆರೆಯ ನೀರಿನ ನಡುವೆ ದೋಣಿಯಲ್ಲಿ ಕಡಿಮೆ, ಕಲ್ಲು ಮಂಟಪದೊಳಗೆ ಹೆಚ್ಚು. ಮೀಟರ್ ಒಂದೇ ಇದ್ದರೆ ಇಬ್ಬರು ಜೊತೆಯಾಗಿ ಒಂದು ವಾರ, ಆಮೇಲೆ ಮುಂದಿನ ಇಬ್ಬರು. ಒಬ್ಬರು ಅಳೆಯುವುದು, ಇನ್ನೊಬ್ಬರು ಬರೆಯುವುದು, ಮಾರನೆಯ ದಿನ ಅದಲುಬದಲು. ಅಂಕಿ ಒಬ್ಬರದೇ ಆಸ್ತಿಯಾದರೆ ಅನುಮಾನ ಹುಟ್ಟುತ್ತದೆ. ಇಬ್ಬರೂ ಕೂತು ಎಣಿಸಿದ್ದನ್ನು ಇಬ್ಬರೂ ನಂಬುತ್ತಾರೆ.

ಒಂದು ನಿಯಮವನ್ನು ಮಾತ್ರ ಮುರಿಯಲೇಬಾರದು: ಯಾರ ಮೈಗೂ ಮೀಟರ್ ಹಿಡಿಯಬಾರದು. 1987ರಲ್ಲಿ ಬ್ರೆಜಿಲಿನ ಗೊಯಾನಿಯಾದಲ್ಲಿ ಪಾಳುಬಿದ್ದ ಕ್ಲಿನಿಕ್ಕಿನ ಸೀಸಿಯಂ-137 ಗುಜರಿಗೆ ಹೋಗಿ ನಾಲ್ವರು ಸತ್ತರು. ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. ಆ ಮಗುವಿನ ಶವಸಂಸ್ಕಾರವನ್ನು ತಡೆಯಲು ಜನ ಕಲ್ಲು ಹಿಡಿದು ನಿಂತರು. ಆ ಊರಿನವರು ಬೇರೆಡೆಗೆ ಹೋದರೆ ‘ಸೋಂಕಿಲ್ಲ’ ಎಂಬ ಪ್ರಮಾಣಪತ್ರ ತೋರಿಸಬೇಕಾಯಿತು. ಇದು ದೂರದ ಮಾತೆನಿಸಬಹುದು. ಆದರೆ ನಮ್ಮ ಬೆಂಗಳೂರಿನಲ್ಲೇ ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ತೆಗೆದುಕೊಂಡು ಮನೆಗೆ ಬರುವ ಕಾಲೇಜು ವಯಸ್ಸಿನವರಿದ್ದಾರೆ. ಬೋನ್ ಸ್ಕ್ಯಾನ್, ಪೆಟ್ ಸ್ಕ್ಯಾನ್ ಮಾಡಿಸಿಕೊಂಡವರಿದ್ದಾರೆ. ಅಂಥವರ ಹತ್ತಿರ ಈ ಮೀಟರ್ ಜೋರಾಗಿ ಕೂಗುತ್ತದೆ. ಪೆಟ್ ಸ್ಕ್ಯಾನಿನ ಫ್ಲೋರಿನ್-18 ಅರ್ಧವಾಗಲು 110 ನಿಮಿಷ, ಬೋನ್ ಸ್ಕ್ಯಾನಿನ ಟೆಕ್ನೀಷಿಯಂ-99ಎಂ ಅರ್ಧವಾಗಲು 6 ಗಂಟೆ. ಅಯೋಡಿನಿಗೆ ಮಾತ್ರ ದಿನಗಳು ಬೇಕು, ಎಷ್ಟು ದಿನ ಎಷ್ಟು ದೂರ ಎಂಬುದನ್ನು ಆಸ್ಪತ್ರೆಯೇ ಬರೆದು ಕೊಟ್ಟಿರುತ್ತದೆ. ಆ ದಿನಗಳಲ್ಲಿ ಗೆಳತಿಯನ್ನು ನೋಡಬೇಕೆನಿಸಿದರೆ ಹೋಗುವ ಮೊದಲು ಆ ಚೀಟಿಯಲ್ಲಿ ಏನಿದೆ ಎಂದು ಕೇಳಿ. 1 ಮೀಟರ್ ದೂರವನ್ನು 2 ಮೀಟರ್ ಮಾಡಿದರೆ ಪ್ರಮಾಣ ಕಾಲುಭಾಗಕ್ಕೆ ಇಳಿಯುತ್ತದೆ. ಕೋಣೆಯ ಇನ್ನೊಂದು ತುದಿಯಲ್ಲಿ ಕುರ್ಚಿ ಹಾಕಿಕೊಂಡು ಮಾತಾಡಿಸಿ ಬನ್ನಿ. ಮೀಟರನ್ನು ಆಫ್ ಮಾಡಿ ಮನೆಯಲ್ಲೇ ಬಿಟ್ಟು ಹೋಗಿ.

ಈ ಯಂತ್ರಕ್ಕೆ ಕಾಣದ್ದೂ ಬಹಳ ಇದೆ. ಆಲ್ಫಾ ಕಣ ಟ್ಯೂಬಿನ ಗಾಜನ್ನೇ ದಾಟುವುದಿಲ್ಲ. ವಿಕಿರಣ ಸೂಸುವ ಜಲಜನಕವಾದ ಟ್ರಿಟಿಯಂನ ಬೀಟಾ ಕೂಡ ಅಷ್ಟು ದುರ್ಬಲ: 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಸೇರಿ ಸುಮಾರು 55 ನೌಕರರ ದೇಹಕ್ಕೆ ಹೋದದ್ದು ಮೂತ್ರ ಪರೀಕ್ಷೆಯಲ್ಲಿ ಬೆಳಕಿಗೆ ಬಂತು. ಆ ಕೂಲರಿನ ಮೇಲೆ ಈ ಮೀಟರ್ ಇಟ್ಟಿದ್ದರೂ ಮಾಮೂಲಿ ಅಂಕಿಯೇ ಕಾಣುತ್ತಿತ್ತು. ಆಹಾರಕ್ಕೂ ಇದು ಬೇಡ. ಜಪಾನ್ 2012ರ ಏಪ್ರಿಲಿನಿಂದ ಸಾಮಾನ್ಯ ಆಹಾರಕ್ಕೆ ಕಿಲೋಗೆ 100 ಬೆಕೆರೆಲ್ ಸೀಸಿಯಂ ಎಂಬ ಮಿತಿ ಇಟ್ಟಿತು; ಅದನ್ನು ಅಳೆಯಲು ಸೀಸದ ಕೋಟೆಯೊಳಗೆ ಇಟ್ಟ, ವಿಕಿರಣ ಹಿಡಿಯುವ ದೊಡ್ಡ ಹರಳು ಬೇಕು. ಚೆರ್ನೋಬಿಲ್ ನಂತರ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿದ್ದು ಮುಖ್ಯವಾಗಿ ಹಾಲಿನಲ್ಲಿದ್ದ ಅಯೋಡಿನ್-131ರಿಂದ. ‘ಹಾಲಿನ ಪ್ಯಾಕೆಟ್ಟಿಗೆ ಮೀಟರ್ ಹಿಡಿದೆ, ಏನೂ ಬರಲಿಲ್ಲ, ಕುಡಿಯಬಹುದು’ ಎಂದು ಗೆಳೆಯರಿಗೆ ಹೇಳುವ ಧೈರ್ಯ ಯಾರೂ ಮಾಡಬಾರದು.

ಬದಲಿ ಯಂತ್ರಗಳ ಬಗ್ಗೆ ಎರಡು ಮಾತು. ದುಡ್ಡು ಎರಡು-ಮೂರು ಪಟ್ಟು ಹಾಕಬಲ್ಲ ಸಂಘಕ್ಕೆ ರೇಡಿಯಾಕೋಡ್-102 ಅಥವಾ 103 ಉತ್ತಮ. ಅದರಲ್ಲಿ ಟ್ಯೂಬಿನ ಬದಲು 1 ಘನ ಸೆಂ.ಮೀ. ಸೀಸಿಯಂ ಅಯೋಡೈಡ್ ಹರಳಿದೆ. 1 ಮೈಕ್ರೋಸೀವರ್ಟಿಗೆ ಸೆಕೆಂಡಿಗೆ ಸುಮಾರು 30 ಎಣಿಕೆ ಬರುವುದರಿಂದ 20 ನಿಮಿಷದ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎಲ್ಲಕ್ಕಿಂತ ಮುಖ್ಯ, ಎಷ್ಟು ಎಂಬುದರ ಜೊತೆಗೆ ಯಾವುದು ಎಂದೂ ಹೇಳುತ್ತದೆ: ಕಿರಣಗಳ ಶಕ್ತಿಯನ್ನು ತೋರಿಸುವ ರೇಖಾಚಿತ್ರದಲ್ಲಿ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಬಳಿ ಶಿಖರ ಕಂಡರೆ ಸೀಸಿಯಂ-137, 1461ರಲ್ಲಿ ಕಂಡರೆ ನಮ್ಮ ಕಲ್ಲಿನ ಪೊಟ್ಯಾಸಿಯಂ. ಫೋನಿಗೆ ಜೋಡಿಸಿದರೆ ನಕ್ಷೆಯನ್ನೂ ಬರೆಯುತ್ತದೆ. ಬೆಸುಗೆ ಹಾಕಲು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸೇಫ್‌ಕಾಸ್ಟ್‌ನ ಬಿಗೈಗಿ ಕಿಟ್ ಇದೆ. ಫುಕುಶಿಮಾ ಅಪಘಾತದ ಬೆನ್ನಿಗೇ ಸ್ವಯಂಸೇವಕರು ಕಟ್ಟಿದ ಸಂಘಟನೆ ಅದು. ಕಿಟ್ಟಿನಲ್ಲಿ ದೊಡ್ಡ ಚಪ್ಪಟೆ ಟ್ಯೂಬ್, ಜಿಪಿಎಸ್, ಮೆಮೊರಿ ಕಾರ್ಡ್. 5 ಸೆಕೆಂಡಿಗೊಮ್ಮೆ ಜಾಗದ ಸಮೇತ ದಾಖಲಿಸುತ್ತದೆ, ಅಳೆದದ್ದು ಯಾರು ಬೇಕಾದರೂ ಬಳಸಬಹುದಾದ ನಕ್ಷೆಗೆ ಸೇರುತ್ತದೆ. ಟ್ಯೂಬಿನ ಹೆಸರನ್ನೇ ಹೇಳದ, ದಾಖಲೆ ಇಡದ, ಹಸಿರು-ಹಳದಿ-ಕೆಂಪು ದೀಪ ಮಾತ್ರ ತೋರಿಸುವ ತೀರ ಅಗ್ಗದ ಮೀಟರುಗಳನ್ನು ಯಾವ ಕಾರಣಕ್ಕೂ ಕೊಳ್ಳಬೇಡಿ. ಕೆಂಪು ದೀಪಕ್ಕೆ ಯಾವ ಲೆಕ್ಕವನ್ನೂ ಕೇಳಲಾಗದು.

ಕೊಳ್ಳುವಾಗ ಆಮದು ಸುಂಕ ಸೇರಿಸಿದ ಬೆಲೆಯನ್ನೇ ನೋಡಿ. ಡಬ್ಬಿ ಬಂದ ದಿನವೇ 20 ನಿಮಿಷ ಹಿನ್ನೆಲೆ ಎಣಿಸಿ: ಸೊನ್ನೆ ಬಂದರೆ ಟ್ಯೂಬ್ ಒಡೆದಿದೆ, ಕಾರಣವಿಲ್ಲದೆ ನೂರು ದಾಟಿದರೆ ವೋಲ್ಟೇಜಿನಲ್ಲೋ ಬೋರ್ಡಿನಲ್ಲೋ ದೋಷ, ಎರಡಕ್ಕೂ ವಾಪಸು ಕಳಿಸುವುದೇ ಸರಿ. ಪರೀಕ್ಷೆ, ರಜೆ ಎಂದು ತಿಂಗಳುಗಟ್ಟಲೆ ಕಪಾಟಿನಲ್ಲಿಡುವಾಗ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಡಿ, ತಿಂಗಳಿಗೊಮ್ಮೆ ತೆಗೆದು ಅದೇ ಮೇಜಿನ ಮೇಲೆ ಒಂದು ಗಂಟೆ ಎಣಿಸಿ ಬರೆಯಿರಿ. ಕೋರ್ಸ್ ಮುಗಿಸಿ ಹೋಗುವವರು ಮೀಟರಿನ ಜೊತೆ ನೋಟ್‌ಬುಕ್ಕನ್ನೂ ಮುಂದಿನ ಬ್ಯಾಚಿನವರ ಕೈಗೆ ಕೊಟ್ಟು ಹೋಗಲಿ.